ವಿಶಾಲಮ್ಮನ ಅಂಗಡಿಯ ಧಾರೆ ಸೀರೆ

ಟ್ರಂಕಿನಲ್ಲಿ ದುಪ್ಪಟಿ ಇತ್ತು. ದುಪ್ಪಟಿಯೊಳಗೆ ಸೀರೆ ಇರಲಿಲ್ಲ.

ಅಂಗಡಿಯ ಕೆಲಸದ ಹುಡುಗಿ ವನಿತಾ ಅದನ್ನು ಮತ್ತೊಮ್ಮೆ ಬಿಚ್ಚಿ ಕೊಡವಿದಳು. ನೀಲಿ-ಹಳದಿ ಪಟ್ಟೆಯ ಹಳೆಯ ದುಪ್ಪಟಿ. ಒಂದು ನುಸಿಗುಳಿಗೆ ಉರುಳಿ ಮೂಲೆಗೆ ಹೋಯಿತೇ ಹೊರತು ಬೇರೇನೂ ಬೀಳಲಿಲ್ಲ. ಟ್ರಂಕನ್ನು ಬೋರಲು ಹಾಕಿದಳು. ಕದದ ಹಿಂದೆ ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಕೈಯಾಡಿಸಿದಳು — ಧೂಳು, ಒಂದು ಮುರಿದ ಪಿನ್ನು, ಹೆಸರುಕಾಳಿನಷ್ಟು ದಾರದ ಉಂಡೆ. ಆರು ಗಜದ ರೇಷ್ಮೆ ಸೀರೆ ಕಿಟಕಿಯ ಕಟ್ಟೆಯ ಮೇಲೆ ಸಿಗುವುದುಂಟೇ? ಗಾಬರಿಬಿದ್ದ ಕೈ ಇಂಥ ಕಡೆಯೆಲ್ಲ ಹುಡುಕುತ್ತದೆ.

ಹೊರಗಿನ ಗೋಡೆ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಮೂರರ ಬಸ್ಸಿಗೆ ಶಿವಲಕ್ಷ್ಮಿ ಬೆಂಗಳೂರಿನಿಂದ ಬಂದಿಳಿಯುತ್ತಾಳೆ. ಬರುತ್ತಿರುವುದೇ ಆ ಸೀರೆಗಾಗಿ.

ವನಿತಾ ಒಳಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ಟ್ರಂಕಿನಾಗ ಸೀರಿ ಇಲ್ರಿ."

ಅಂಗಡಿ ತುಂಬ ಹೆಂಗಸರು. ಎಲ್ಲರ ಕೈಯೂ ಬಟ್ಟೆಯ ರಾಶಿಯಲ್ಲಿದ್ದಂತೆಯೇ ನಿಂತುಬಿಟ್ಟಿತು.

ಅಂಗಡಿ ಎಂದರೆ ರಾಯದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ವಿಶಾಲಮ್ಮನ ಅಂಗಡಿ. ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ಊರು ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಸಂಸಾರಗಳು ಹೊತ್ತೊಯ್ಯಲಾಗದ್ದನ್ನೆಲ್ಲ ಇಲ್ಲಿ ಇಳಿಸಿ ಹೋಗುತ್ತವೆ. ಕುಕ್ಕರು, ಕೊಡ, ಸೊಳ್ಳೆಪರದೆ, ಮದುವೆಯಲ್ಲಿ ಬಂದ ಆರು ಗೋಡೆ ಗಡಿಯಾರದಲ್ಲಿ ಐದು. ಊರಿನ ಜೀನ್ಸ್ ಹೊಲಿಯುವ ಯೂನಿಟ್ಟುಗಳು ತಳ್ಳಿಹಾಕಿದ ಪ್ಯಾಂಟುಗಳೂ ಬರುತ್ತವೆ. ಒಂದರ ಜೇಬು ಸೊಟ್ಟ, ಇನ್ನೊಂದರ ಒಂದು ಕಾಲು ಕಡುನೀಲಿ, ಮತ್ತೊಂದು ಕಾಲು ತಿಳಿನೀಲಿ. ಭಾನುವಾರ ಯೂನಿಟ್ಟುಗಳಿಗೆ ರಜೆ. ಅಂದು ಹತ್ತು ಗಂಟೆಗೆ ಶಟರ್ ಅರ್ಧ ಏಳುವ ಮೊದಲೇ ಹೆಂಗಸರು ಬಗ್ಗಿ ಒಳಗೆ ನುಗ್ಗುತ್ತಾರೆ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆಯುವ ಹಾಗೆ ಇಲ್ಲಿಯೂ ಇಷ್ಟವಾದ ಸಾಮಾನಿನ ಮೇಲೆ ಟವೆಲ್ ಎಸೆಯುತ್ತಾರೆ. ಟವೆಲ್ ಬಿದ್ದ ಸಾಮಾನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಲ್ಲ.

ಒಡತಿ ವಿಶಾಲಮ್ಮ ಹನ್ನೆರಡು ವರ್ಷ ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸಿ, ಕಣ್ಣು ಸೋತ ಮೇಲೆ ಅಂಗಡಿ ಇಟ್ಟವಳು. ಅವಳು ಮಾರದ ವಸ್ತುವಿಲ್ಲ. ತಾನು ಕೂತ ಕುರ್ಚಿಯನ್ನೇ ಎರಡು ಸಲ ಮಾರಿ ನಿಂತುಕೊಂಡು ವ್ಯಾಪಾರ ಮಾಡಿದ್ದಾಳೆ.

ಅಂದು ಬೆಳಿಗ್ಗೆ ಮೊದಲು ನುಗ್ಗಿದವಳು ಕದರಮ್ಮ. ಅಗಳಿ ಕಡೆಯವಳು, ಐವತ್ತು ದಾಟಿದವಳು. ಒಂದು ಕಾಲದಲ್ಲಿ ವಿಶಾಲಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತು ದಾರ ಕತ್ತರಿಸಿ, ಈಗ ಅದೇ ಯೂನಿಟ್ಟಿನಲ್ಲಿ ಚೆಕಿಂಗ್ ನೋಡುತ್ತಾಳೆ. ಯಾವ ಬಟ್ಟೆಯನ್ನೂ ಒಳಮಗ್ಗುಲು ತಿರುಗಿಸಿ ನೋಡದೆ ಬಿಟ್ಟವಳಲ್ಲ. ಯಾವ ಸಾಮಾನಿಗೂ ಹೇಳಿದ ಬೆಲೆ ಕೊಟ್ಟವಳಲ್ಲ. ಎರಡು ತಿಂಗಳಿನಿಂದ ಅವಳ ಕಣ್ಣು ಮೇಲಿನ ಹಲಗೆಯ ಸ್ಟೀಲ್ ಅಕ್ಕಿ ಡ್ರಮ್ಮಿನ ಮೇಲಿತ್ತು. ವಿಶಾಲಮ್ಮ ಆರುನೂರು ಅನ್ನುವುದು, ಕದರಮ್ಮ ಮುನ್ನೂರು ಅನ್ನುವುದು, ಹಾಗೇ ನಡೆದಿತ್ತು. ಇವತ್ತು ಕದರಮ್ಮ ಡ್ರಮ್ಮಿಗೆ ಟವೆಲ್ ಎಸೆದು, "ಹೋಗ್ಲಿ, ನಾನೂರು" ಎಂದಳು. ವಿಶಾಲಮ್ಮ ತಲೆಯೆತ್ತದೆ, "ಅದನ್ನ ಕೊಡಂಗಿಲ್ಲ" ಅಂದುಬಿಟ್ಟಳು.

"ನಾನೂರೈವತ್ತು?"

"ಕೊಡಂಗಿಲ್ಲ ಅಂದೆನಲ್ಲ. ಮಾರಾಕಿಟ್ಟಿಲ್ಲ."

ಕದರಮ್ಮ ಬೆಳಗಿನಿಂದ ಅದೇ ಸಿಟ್ಟಿನಲ್ಲಿದ್ದಳು. ಟವೆಲನ್ನು ಮಾತ್ರ ತೆಗೆದಿರಲಿಲ್ಲ.

ಇನ್ನು ಸೀರೆಯ ಸಂಗತಿ. ಶಿವಲಕ್ಷ್ಮಿ ಗುರುವಾರ ಬೆಳಿಗ್ಗೆ ಮನೆ ಖಾಲಿ ಮಾಡಿ, ಸಾಮಾನು ಇಲ್ಲಿ ಇಳಿಸಿ, ಗಂಡನೊಂದಿಗೆ ಬೆಂಗಳೂರಿನ ಬಸ್ಸು ಹತ್ತಿದ್ದಳು. ತೀರಿಹೋದ ತಾಯಿಯ ಧಾರೆ ಸೀರೆ ದುಪ್ಪಟಿಯ ಮಡಿಕೆಯಲ್ಲಿ ಸೇರಿಹೋಗಿದ್ದು ಅವಳಿಗೆ ಗೊತ್ತಾದದ್ದು ಅಲ್ಲಿ ಗಂಟು ಬಿಚ್ಚಿದಾಗ. ಅಂದೇ ಸಂಜೆ ಅಳುತ್ತ ಫೋನ್ ಮಾಡಿದಳು. "ಜೋಪಾನ ಇಟ್ಟೀನವ್ವ, ಭಾನುವಾರ ಬಂದು ಒಯ್ಯಿ" ಎಂದು ವಿಶಾಲಮ್ಮ ಮಾತು ಕೊಟ್ಟಳು. ವನಿತಾಳ ಕೈಯಿಂದಲೇ ಸೀರೆಯನ್ನು ಅದೇ ದುಪ್ಪಟಿಯಲ್ಲಿ ಸುತ್ತಿಸಿ ಟ್ರಂಕಿನಲ್ಲಿ ಇಡಿಸಿದಳು.

ಈಗ ಆ ಮಾತು ಏನಾಯಿತು?

"ಕೀಲಿ ಯಾರ ಕೊರಳಾಗ ಐತಿ?" ವಿಶಾಲಮ್ಮ ಎದ್ದು ನಿಂತಳು.

ವನಿತಾ ಕೊರಳಿನ ದಾರ ಮುಟ್ಟಿಕೊಂಡಳು. "ನನ್ನ ಕೊರಳಾಗ ಐತ್ರಿ. ಆದ್ರ ನಾ—"

"ಮತ್ತ ಇನ್ನೇನು ಕೇಳೋದು? ಸೀರಿಗೆ ಕಾಲು ಬಂದ್ವೇನು?"

"ನಾ ತಗೊಂಡಿಲ್ರಿ ಅಕ್ಕಾರ."

"ಮೂರು ಗಂಟಿಗೆ ಆಕಿ ಬರ್ತಾಳ. ಸೀರಿ ಸಿಗಲಿಲ್ಲಂದ್ರ ನಿನ್ನನ್ನ ಸ್ಟೇಷನ್ನಿಗೆ ಕರಕೊಂಡು ಹೋಗ್ತೀನಿ."

ಯಾರೋ ಲೊಚಗುಟ್ಟಿದರು. ವನಿತಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಈ ಇಪ್ಪತ್ತು ಹೆಂಗಸರು ನಾಳೆ ಇಪ್ಪತ್ತು ಯೂನಿಟ್ಟುಗಳಿಗೆ ಹೋಗುತ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ. ಗೇಟಿನಲ್ಲಿ ಚೀಲ ತಡವಿ ಹೊರಬಿಡುವ ಊರು ಇದು. ಕಳ್ಳಿ ಎಂದು ಒಮ್ಮೆ ಹೆಸರಾದರೆ ಯಾವ ಗೇಟೂ ತೆರೆಯುವುದಿಲ್ಲ. ಅವಳ ಮತ್ತು ಅವಳ ತಾಯಿಯ ಅನ್ನ ಒಳ್ಳೆಯ ಹೆಸರೊಂದರ ಮೇಲೆ ನಿಂತಿತ್ತು.

"ತಡಿ ವಿಶಾಲಿ."

ಕದರಮ್ಮ ಬಟ್ಟೆಯ ರಾಶಿ ದಾಟಿ ಬಂದಳು. "ಇನ್ನೂ ಎರಡು ಗಂಟೆ ಐತೆ. ಅಷ್ಟರಾಗೆ ನಾನೊಸಿ ನೋಡ್ತೀನಿ. ಯಾರೂ ಹೊರಗೆ ಹೋಗಬ್ಯಾಡ್ರಿ."

"ನೀ ಯಾಕ ಇದರಾಗ ತಲಿ ಹಾಕ್ತಿ?"

"ನನ್ನ ಕೆಲಸಾನೇ ಡ್ಯಾಮೇಜ್ ಹುಡುಕೋದಲ್ವಾ? ಆ ದುಪ್ಪಟಿ ಕೊಡವ್ವ ವನಿತಾ."

ಸುತ್ತ ನಿಂತವರಲ್ಲಿ ಜೀವ ಬಂತು. ಹುಡುಕುವುದು ಎಂದರೆ ಈ ಹೆಂಗಸರಿಗೆ ಯಾವಾಗಲೂ ಹುರುಪೇ, ಕುಕ್ಕರ್ ಆದರೇನು, ಕಳ್ಳ ಆದರೇನು. ಒಬ್ಬಳು ಶಟರ್ ಅರ್ಧ ಎಳೆದಳು.

ಕದರಮ್ಮ ದುಪ್ಪಟಿಯನ್ನು ಒಳಮಗ್ಗುಲಿಗೆ ತಿರುಗಿಸಿ, ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ನಾಲ್ಕೂ ಅಂಚು. ಒಮ್ಮೆ ಹೋಗಿ ಒಮ್ಮೆ ಬಂದಳು.

"ಗುರುವಾರ ಇದನ್ನ ನೀನೇ ಮಡಚಿದ್ದಾ?"

"ಹೌದ್ರಿ."

"ಅವತ್ತು ಅಂಚು ಹೆಂಗಿತ್ತು?"

ವನಿತಾ ಯೋಚಿಸಿದಳು. "ಹರಕಂಬರಕ ಇತ್ರಿ. ದಾರ ಜೋತಾಡತಿದ್ದವು. ನನ್ನ ಕಾಲ್ಗೆಜ್ಜಿ ಕೊಂಡಿ ಸಿಕ್ಕೊಂಡು ಬಿಡಿಸಾಕ ಸಾಕಾತು."

"ಈಗ ನೋಡು."

ವನಿತಾ ಮುಟ್ಟಿ ನೋಡಿದಳು. ಒಂದೇ ಒಂದು ದಾರ ಜೋತಾಡುತ್ತಿರಲಿಲ್ಲ. ಅಂಚಿನುದ್ದಕ್ಕೂ ನೀಟಾಗಿ ಕತ್ತರಿಸಿತ್ತು.

"ಕಳ್ಳತನ ಮಾಡಕ್ಕೆ ಬಂದೋರು ದುಪ್ಪಟಿಗೆ ಯಾಕವ್ವ ಕ್ಷೌರ ಮಾಡ್ತಾರೆ?" ಕದರಮ್ಮ ಕೇಳಿದಳು. "ಒಳಗೆ ಇನ್ನೇನು ಕಂಡೆ? ಎಲ್ಲಾ ಹೇಳು, ಕಸಾನೂ ಬಿಡಬ್ಯಾಡ."

"ನುಸಿಗುಳಿಗಿ. ಕಿಟಕಿ ಕಟ್ಟಿ ಮ್ಯಾಲ ಧೂಳು, ಮುರದದ್ದು ಪಿನ್ನು. ಒಂದು ದಾರದ ಉಂಡಿ."

"ಉಂಡೆ ತತ್ತಾ."

ವನಿತಾ ತಂದಳು. ನೀಲಿಯೂ ಹಳದಿಯೂ ಬೆರೆತ ಪುಟ್ಟ ಉಂಡೆ. ಕದರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಈ ಸೀರೆ ಟ್ರಂಕಿಗೆ ಹೋಗಿದ್ದು ಯಾರ್‍ಯಾರಿಗೆ ಗೊತ್ತು?"

"ಅಕ್ಕಾರಿಗೆ ಗೊತ್ತು. ನನಗ. ಗುರುವಾರ ಆಕಿ ಸಾಮಾನಿನ ಗಂಟು ನಾವು ಬಿಚ್ಚುವಾಗ ಜರಿ ಆದಿನಾರಾಯಣ ಇಲ್ಲೇ ನಿಂತಿದ್ರು."

"ಕರೀರಿ ಅವನ್ನ."

ಆದಿನಾರಾಯಣ ಹಳೆಯ ರೇಷ್ಮೆ ಸೀರೆ ಕೊಂಡು, ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುವ ವ್ಯಾಪಾರಿ. ಎದುರಿನ ಚಹಾದಂಗಡಿಯಿಂದ ಅವನನ್ನು ಹಿಡಿದು ತಂದರು. ಇವನೇ ಕಳ್ಳ ಎಂದು ಅರ್ಧ ಅಂಗಡಿ ಆಗಲೇ ತೀರ್ಮಾನ ಮಾಡಿತ್ತು.

"ಆ ಸೀರೆ ಕೇಳಿದ್ದೆಯಾ ನೀನು?"

"ಕೇಳ್ದೆನಮ್ಮ. ಅಂಚಿನ್ದು ಒಂದು ಎಳಿ ತೆಗೆದು ಕಲ್ಲಿಗೆ ತಿಕ್ಕಿ ನೋಡ್ದೆ. ಅದರಾಗ ಏಮೀ ಲೇದು. ಬೆಳ್ಳಿ ಇಲ್ಲ, ಬರೀ ತಾಮ್ರ. ನಾನ್ಯಾಕ ತಗೋಲಿ ಅದನ್ನ?"

"ವಿಶಾಲಿ, ದಿಟವಾ?"

ವಿಶಾಲಮ್ಮ ತಲೆಯಾಡಿಸಿದಳು. "ಬ್ಯಾಡಂತ ಬಿಟ್ಟು ಹೋದ. ಅದು ಖರೇನ."

"ಹಂಗಾರೆ ಕೇಳ್ರಿ," ಎಂದಳು ಕದರಮ್ಮ. "ಸೀರೆ ಮಾರಿದ್ರೆ ಏನೂ ಹುಟ್ಟಲ್ಲ. ತಗೊಂಡೋರು ಮಾರಕ್ಕೆ ತಗೊಂಡಿಲ್ಲ. ಆ ಸೀರೇನೇ ಬೇಕು ಅಂತ ತಗೊಂಡವ್ರೆ."

ಆಗ ಮೂಲೆಯಿಂದ ಒಬ್ಬಳು ನಿಧಾನವಾಗಿ ಅಂದಳು: "ರಾಮಾಂಜಿನಮ್ಮ ತಿಂಗಳಿಂದ ರೇಷ್ಮಿ ಸೀರಿ ಹುಡುಕಾಕ ಹತ್ಯಾಳ. ತಮ್ಮನ ಮದುವಿ ಐತಲ್ಲ."

ಎಲ್ಲರೂ ತಿರುಗಿದರು. ರಾಮಾಂಜಿನಮ್ಮ ನೈಟಿಗಳ ರಾಶಿಯ ಹತ್ತಿರ ನಿಂತಿದ್ದಳು. ಯೂನಿಟ್ಟಿನಲ್ಲಿ ದಾರ ಕತ್ತರಿಸುವವಳು. ರಜೆಯ ದಿನವೂ ಅವಳ ಕೊರಳಲ್ಲಿ ಪುಟ್ಟ ಕತ್ತರಿ ತೂಗುತ್ತಿತ್ತು. ಆ ಕತ್ತರಿಯನ್ನೂ ದುಪ್ಪಟಿಯ ಅಂಚನ್ನೂ ಇಪ್ಪತ್ತು ಜೊತೆ ಕಣ್ಣು ಒಟ್ಟಿಗೆ ನೋಡಿದವು.

"ನಿನ್ನಿ ಆಕಿ ಒಳಗ ಹೋಗಿ ನೈಟಿ ಹಾಕ್ಕೊಂಡು ನೋಡಿದ್ಲು," ಎಂದಳು ವಿಶಾಲಮ್ಮ ಥಟ್ಟನೆ.

"ಆವಾಗ ಟ್ರಂಕಿಗೆ ಬೀಗ ಇತ್ತಾ ವನಿತಾ?"

ವನಿತಾ ಸುಳ್ಳು ಹೇಳಬಹುದಿತ್ತು. ಬೀಗ ಇತ್ತು ಅಂದರೆ ತನಗೇ ಉರುಳು, ಇರಲಿಲ್ಲ ಅಂದರೆ ರಾಮಾಂಜಿನಮ್ಮನಿಗೆ. "ಬ್ಲೌಸ್ ತೆಗಿಯಾಕ ತೆರೆದಿದ್ದೆ ರೀ. ಹಾಕಾಕ ಮರ್ತು ನೀರು ಕುಡಿಯಾಕ ಹೊರಗ ಬಂದಿದ್ದೆ."

"ನಾ ಟ್ರಂಕ್ ಮುಟ್ಟಿಲ್ರಿ." ರಾಮಾಂಜಿನಮ್ಮನ ಮುಖ ಬಿಳಿಚಿತು. "ನಮ್ಮವ್ವನಾಣಿ ಮುಟ್ಟಿಲ್ಲ."

"ಮತ್ತ ದಾರ ಕತ್ತರಿಸಿದಾಕಿ ಯಾರು?" ವಿಶಾಲಮ್ಮನ ದನಿ ಏರಿತು. "ಕತ್ತರಿ ಕೊರಳಾಗ ಕಟ್ಕೊಂಡು ನಿಂತಾಳ."

ಕದರಮ್ಮ ಮೇಲಿನ ಹಲಗೆಗೆ ಕೈಚಾಚಿ ಡ್ರಮ್ಮಿನ ಮೇಲಿದ್ದ ತನ್ನ ಟವೆಲನ್ನು ಎಳೆದುಕೊಂಡಳು. ಹಳೆಯ ಟವೆಲು, ಅಂಚೆಲ್ಲ ಎಳೆ ಬಿಟ್ಟಿತ್ತು. ಅದನ್ನು ರಾಮಾಂಜಿನಮ್ಮನ ಕೈಗೆ ತುರುಕಿದಳು.

"ಇದನ್ನ ಹಿಡಿ. ನಿನ್ನ ತಮ್ಮನ ಮದುವೆ ಯಾವತ್ತು?"

"ಬರೋ ತಿಂಗಳು ಹದಿನಾಲ್ಕಕ್ಕ."

"ಹೆಣ್ಣು ಎಲ್ಲೀದು?"

"ಮಡಕಶಿರಾ ಕಡಿ..." ಎನ್ನುತ್ತಿದ್ದಂತೆ ಅವಳ ಬಲಗೈ ತನ್ನಷ್ಟಕ್ಕೆ ಕತ್ತರಿ ಹಿಡಿಯಿತು. ಕಚ್, ಕಚ್, ಕಚ್. ಮಾತು ಮುಗಿಯುವಷ್ಟರಲ್ಲಿ ಒಂದು ಅಂಚು ಬೋಳಾಗಿತ್ತು. ದಾರದ ತುಂಡುಗಳು ಪಾದದ ಸುತ್ತ ಚೆಲ್ಲಿದ್ದವು.

"ನೋಡ್ರಿ, ನೋಡ್ರಿ," ಎಂದು ವಿಶಾಲಮ್ಮ ಬೆರಳು ಚಾಚಿದಳು.

ರಾಮಾಂಜಿನಮ್ಮ ಕತ್ತರಿಯನ್ನು ಕೆಂಡ ಮುಟ್ಟಿದಂತೆ ಬಿಟ್ಟಳು. ಅಳುವುದೊಂದು ಬಾಕಿ. ಅವಳನ್ನು ನೋಡಿ ವನಿತಾಳಿಗೆ ಹಾಯೆನಿಸಲಿಲ್ಲ.

"ನೋಡ್ದೆ," ಎಂದಳು ಕದರಮ್ಮ ತಣ್ಣಗೆ. "ಹೋಗ್ಲಿ ವಿಶಾಲಿ, ಈ ಟವೆಲ್ ಇವಳು ಹಾಳು ಮಾಡಿದ್ಲು. ಇದನ್ನ ನೀನೇ ತಗೊಂಡು ಬೇರೆ ಯಾವುದಾದ್ರೂ ಕೊಡು. ಎಷ್ಟಕ್ಕೆ ಹಾಕ್ಕೊಂತೀಯ?"

"ಇಂಥಾ ಹೊತ್ತಿನಾಗ ಟವೆಲ್ ವ್ಯಾಪಾರ ಏನು?"

"ಇನ್ನೂ ಗಂಟೆ ಮೇಲೆ ಟೈಮ್ ಐತೆ. ಹೇಳು. ಇಪ್ಪತ್ತು?"

"ಇಪ್ಪತ್ತಾ? ಇದಕ?" ವಿಶಾಲಮ್ಮ ಟವೆಲನ್ನು ಕಿತ್ತುಕೊಂಡಳು. ಬೆಲೆಯ ಮಾತು ಬಂದರೆ ಅವಳು ನಿದ್ದೆಯಲ್ಲೂ ಉತ್ತರ ಕೊಡುವವಳು. "ನೂಲು ಸವದೈತಿ. ನಡುವ ತೂತು ಬಿದ್ದೈತಿ. ಐದು ರೂಪಾಯಿಗಿಂತ ಹೆಚ್ಚಿಗಿ ಇಲ್ಲ."

"ಹತ್ತು."

"ಆರು."

ವನಿತಾ ಆಗ ವಿಶಾಲಮ್ಮನ ಕೈ ನೋಡಿದಳು.

ವಿಶಾಲಮ್ಮನ ಬಲಗೈ ಮೇಜಿನ ಮೇಲಿನ ಬೆಲೆಚೀಟಿಯ ಕತ್ತರಿಯನ್ನು ಎತ್ತಿಕೊಂಡಿತ್ತು. ಟವೆಲಿನ ಇನ್ನೊಂದು ಅಂಚಿನ ಎಳೆಗಳು ಒಂದೊಂದಾಗಿ ಕತ್ತರಿಸಿಹೋಗುತ್ತಿದ್ದವು. ಒಂದು ತುಂಡೂ ಕೆಳಗೆ ಬೀಳುತ್ತಿರಲಿಲ್ಲ. ಎಡಗೈಯ ಹೆಬ್ಬೆರಳು, ತೋರುಬೆರಳು ಅವನ್ನು ಹಿಡಿಹಿಡಿದು ಹೊಸೆಯುತ್ತಿದ್ದವು. ಅಂಚು ಮುಗಿಯಿತು. ಹೆಸರುಕಾಳಿನಷ್ಟು ಉಂಡೆಯೊಂದು ಮೇಜಿನ ತುದಿಯಲ್ಲಿ ಕೂತಿತು.

ಕದರಮ್ಮ ಸೆರಗಿನ ಗಂಟು ಬಿಚ್ಚಿ, ನೀಲಿ-ಹಳದಿ ಉಂಡೆಯನ್ನು ಅದರ ಪಕ್ಕದಲ್ಲಿ ಇಟ್ಟಳು. ಎರಡೂ ಒಂದೇ ಗಾತ್ರ.

ಹೆಂಗಸರು ಮೇಜಿನ ಸುತ್ತ ಕವಿದರು.

"ಈಗಿನ ಹುಡುಗೀರು ಕತ್ತರಿಸಿ ಕೆಳಗೆ ಬಿಡ್ತಾರೆ," ಎಂದಳು ಕದರಮ್ಮ. "ಪೀಸ್ ಲೆಕ್ಕ, ಕೈ ನಿಲ್ಲಿಸಂಗಿಲ್ಲ. ಗುಡಿಸಕ್ಕೆ ಬೇರೆ ಆಳು ಇರ್ತಾರೆ. ನಮ್ಮ ಕಾಲದಾಗೆ ಮೇಸ್ತ್ರಿ ಪಂಚಾಕ್ಷರಯ್ಯ ಇದ್ದ. ಕೆಳಗೆ ಬಿದ್ದ ದಾರ ಪ್ಯಾಕಿಂಗ್ ಮಾಡೋ ಪ್ಯಾಂಟಿಗೆ ಅಂಟ್ಕೊಂಡು ಹೋಗ್ತದೆ ಅಂತ ಒಂದು ಎಳೆ ಕಂಡ್ರೂ ಎಬ್ಬಿಸಿ ನಿಲ್ಲಿಸೋನು. ಅದಕ್ಕೆ ನಾವು ಉಂಡೆ ಮಾಡಿ ಪಕ್ಕಕ್ಕೆ ಇಡ್ತಿದ್ವಿ. ಆ ಸಾಲಿನಾಗೆ ಕೂತಿದ್ದೋರು ಆರು ಜನ. ಈ ಊರಾಗೆ ಉಳಿದಿರೋದು ನಾನೂ ನೀನೂ. ನಾನು ಆ ಕೋಣೆಗೆ ಕಾಲಿಟ್ಟಿಲ್ಲ."

ವಿಶಾಲಮ್ಮ ಕುರ್ಚಿಗೆ ಕುಸಿದಳು. "ಎಂದೋ ದಾರ ಕತ್ತರಿಸಿದ್ರ ಕದ್ದಂಗಾತೇನು? ನನ್ನ ಅಂಗಡಿ, ನನ್ನ ಕೋಣಿ."

"ಆಗಲ್ಲ. ಆದ್ರೆ ವನಿತಾ, ಸಂಜೆ ಮನೆಗೆ ಹೋಗುವಾಗ ಕೀಲಿ ಎಲ್ಲಿ ಇಡ್ತೀಯ?"

"ಅಕ್ಕಾರ ಕುರ್ಚಿ ಹಿಂದಿನ ಮೊಳಿಗೆ ಹಾಕಿ ಹೋಗ್ತೀನ್ರಿ."

"ಆತಲ್ಲ. ಇನ್ನೊಂದು ವಿಷಯ, ಅದು ನನಗೆ ಬೆಳಿಗ್ಗೇನೇ ತಟ್ಟಬೇಕಿತ್ತು. ಸಿಟ್ಟಿನಾಗೆ ಕಣ್ಣು ಕಟ್ಟಿತ್ತು." ಕದರಮ್ಮ ಮೇಲಿನ ಹಲಗೆ ತೋರಿಸಿದಳು. "ಕೂತ ಕುರ್ಚಿ ಮಾರೋಳು ನೀನು. ಎರಡು ತಿಂಗಳು ನನ್ನ ತಲೆಗೆ ಕಟ್ಟಕ್ಕೆ ನೋಡಿದ ಡ್ರಮ್ಮು. ಇವತ್ತು ನಾನಾಗೇ ನಾನೂರೈವತ್ತಕ್ಕೆ ಏರಿದ್ರೂ ಮಾರಕ್ಕಿಟ್ಟಿಲ್ಲ ಅಂದೆ. ಯಾಕೆ? ವನಿತಾ, ಇಳಿಸವ್ವ."

ವನಿತಾ ಸ್ಟೂಲು ಹತ್ತಿದಳು. ಡ್ರಮ್ಮು ಹಗುರವಾಗಿತ್ತು. ಮುಚ್ಚಳ ತೆಗೆದಾಗ ಎಲ್ಲರ ತಲೆಯೂ ಒಟ್ಟಿಗೆ ಬಾಗಿತು. ಒಳಗೆ, ಹಳೆಯ ಪಂಚೆಯೊಂದರಲ್ಲಿ ಸುತ್ತಿ, ಕುಂಕುಮ ಬಣ್ಣದ ಸೀರೆ. ಹಸಿರು ಅಂಚು.

ವಿಶಾಲಮ್ಮ ಕೈಚಾಚಿ ಆ ಹಸಿರು ಅಂಚಿನ ಮೇಲೆ ಬೆರಳಾಡಿಸಿದಳು.

"ನಂದೂ ಇಂಥಾದ್ದ ಇತ್ತು," ಎಂದಳು. "ಇದ ಬಣ್ಣ, ಇದ ಅಂಚು. ಓಬಳಾಪುರದಾಗ ಇದ್ದಾಗ, ಹಳೆ ಬಟ್ಟಿಗೆ ಪಾತ್ರಿ ಕೊಡೋ ಆಕಿ ಬಂದಿದ್ಲು. ನನ್ನ ಧಾರಿ ಸೀರಿ ಕೊಟ್ಟು ಎರಡು ಸ್ಟೀಲ್ ಬೋಗಾಣಿ, ಒಂದು ಜರಡಿ ತಗೊಂಡೆ. ಆವಾಗ ಮನಿಯಾಗ ಹಿಟ್ಟು ಕಲಸಾಕ ಬೋಗಾಣಿ ಇರಲಿಲ್ಲ. ಶುಕ್ರವಾರ ಸಂಜಿಕ ಇದನ್ನ ಹೆಗಲ ಮ್ಯಾಲ ಹಾಕ್ಕೊಂಡು ನೋಡಿದೆ. ತಿರುಗಿ ಇಡಾಕ ಕೈ ಬರಲಿಲ್ಲ. ದುಪ್ಪಟಿ ಹಿಡ್ಕೊಂಡು ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ದಾರ ಕತ್ತರಿಸಿದ್ದು ನನಗ ಗೊತ್ತ ಇಲ್ಲ."

ಹೆಂಗಸರಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಪಾತ್ರೆಗೆ ಸೀರೆ ಕೊಟ್ಟವರು ಅಲ್ಲಿ ಅವಳೊಬ್ಬಳೇ ಅಲ್ಲ. ವನಿತಾಳಿಗೂ ಅಳು ಬಂತು. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ಸೀರಿ ಬೇಕಾಗಿತ್ತು, ತಗೊಂಡ್ರಿ," ಎಂದಳು. "ನನ್ನ ಹೆಸರು ಯಾಕ ಬೇಕಾಗಿತ್ರಿ ಅಕ್ಕಾರ?"

ವಿಶಾಲಮ್ಮ ಸೀರೆಯನ್ನು ಮಡಚಿ ಮೇಜಿನ ಮೇಲೆ ಇಟ್ಟಳು.

ಯಾರೋ ಶಟರ್ ಎತ್ತಿದರು, ಆದರೂ ಯಾರೂ ಮನೆಗೆ ಹೋಗಲಿಲ್ಲ. ಮೂರೂಕಾಲಿಗೆ ಶಿವಲಕ್ಷ್ಮಿ ಓಡುತ್ತಲೇ ಬಂದಳು. ಮೇಜಿನ ಮೇಲೆ ಸೀರೆ ಕಂಡದ್ದೇ ಅವಳ ಮುಖ ಅರಳಿತು. ನೇರ ವಿಶಾಲಮ್ಮನ ಕೈ ಹಿಡಿದುಕೊಂಡಳು.

"ಬ್ಯಾರೆ ಅಂಗಡಿ ಆಗಿದ್ರ ಹೋಗಿಬಿಡ್ತಿತ್ರಿ. ನೀವಾಗಿದ್ದಕ್ಕ ಕಾದಿಟ್ರಿ."

ಇಪ್ಪತ್ತು ಹೆಂಗಸರು ನೆಲ ನೋಡಿದರು. ಈಗ ಒಂದು ಮಾತು ಸಾಕಿತ್ತು. ವನಿತಾ ಅದನ್ನು ಆಡಲಿಲ್ಲ. ಆಡಬೇಕಾದವಳು ತಾನಲ್ಲ ಎಂದು ತುಟಿ ಬಿಗಿದು ನಿಂತಳು.

ವಿಶಾಲಮ್ಮ ನಿಧಾನವಾಗಿ ಕೈ ಬಿಡಿಸಿಕೊಂಡಳು.

"ನಾ ಕಾಯಲಿಲ್ಲವ್ವ. ನಾನ ಕದ್ದಿದ್ದೆ. ಕದ್ದು, ಈ ಹುಡುಗಿ ಹೆಸರು ಹೇಳಿದೆ. ಅಷ್ಟು ಮಂದಿ ಮುಂದ ಹೇಳೀನಿ, ಅವರ ಮುಂದನ ತಪ್ಪಾತು ಅಂತೀನಿ. ಸೀರಿ ಆಕಿ ಕೈಯಿಂದ ತಗೋ."

ವನಿತಾ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಶಿವಲಕ್ಷ್ಮಿ ಅದನ್ನು ಕಣ್ಣಿಗೊತ್ತಿಕೊಂಡಳು. ರಾಮಾಂಜಿನಮ್ಮ ಬಂದು ವನಿತಾಳ ಪಕ್ಕ ಹೆಗಲಿಗೆ ಹೆಗಲು ತಾಗಿಸಿ ನಿಂತಳು.

"ನಾಳಿ ಬರ್ತಿಯೇನವ್ವ?" ವಿಶಾಲಮ್ಮ ಕೇಳಿದಳು. ಅವಳ ದನಿ ಇಷ್ಟು ಸಣ್ಣದಾಗಿದ್ದನ್ನು ಯಾರೂ ಕೇಳಿರಲಿಲ್ಲ.

"ನಾಳಿ ಹೇಳ್ತೀನ್ರಿ." ವನಿತಾ ಕೊರಳಿನ ಕೀಲಿ ತೆಗೆದು ಮೊಳೆಗೆ ಹಾಕಿದಳು.

ಅಷ್ಟರಲ್ಲಿ ಕದರಮ್ಮ ಡ್ರಮ್ಮನ್ನು ಬೋರಲು ಹಾಕಿ, ಒಳಗೆ ತಲೆ ತೂರಿಸಿ, ತಳ ಬಡಿದು ನೋಡುತ್ತಿದ್ದಳು. "ಖಾಲಿ ಆಯ್ತಲ್ಲ, ಈಗಾದ್ರೂ ರೇಟ್ ಹೇಳು ವಿಶಾಲಿ."

ವಿಶಾಲಮ್ಮ ವನಿತಾಳತ್ತ ಕೈ ತೋರಿಸಿದಳು.

"ಆರುನೂರು," ಎಂದಳು ವನಿತಾ.

"ಇಲ್ಲಿ ಡೊಂಕೈತೆ ನೋಡು. ಮುನ್ನೂರು."

"ಆರುನೂರ್‍ರಿ. ಒಂದು ರೂಪಾಯಿ ಕಮ್ಮಿ ಇಲ್ಲ."

ಕದರಮ್ಮ ಅವಳ ಮುಖವನ್ನೇ ನೋಡಿದಳು. ಬೆಳಿಗ್ಗೆಯ ಹುಡುಗಿಯಲ್ಲ ಇದು. ಸೊಂಟದ ಚೀಲ ಬಿಚ್ಚಿ ಆರು ನೋಟು ತೆಗೆದು ಅವಳ ಕೈಗಿಟ್ಟಳು. ರಾಯದುರ್ಗಕ್ಕೆ ಬಂದ ಮೇಲೆ ಕದರಮ್ಮ ಹೇಳಿದ ಬೆಲೆ ಕೊಟ್ಟು ಕೊಂಡ ಮೊದಲ ಸಾಮಾನು ಆ ಡ್ರಮ್ಮು.